ಬಾಟಲಿ ಸೈಫನ್ ಹಾಕಿದರೂ ಹರಳಿನೊಳಗಿನ ಕೊಳೆ ಏಳುತ್ತಿಲ್ಲ, ಎಲ್ಲಿ ತಪ್ಪಿದೆ?

ಕೋಡಿಬಾಗದ ತೊಟ್ಟಿ (ಕಾರವಾರ)

ಮೀನು ಸಾಕುವ ಟ್ಯಾಂಕ್ 24×12×15 ಇಂಚಿನದು. ಹರಳುಕಲ್ಲು ಮತ್ತು ಮೇಲೆ ಖಾಲಿ ಬಿಟ್ಟ ಜಾಗ ಕಳೆದರೆ ಸುಮಾರು 55 ಲೀಟರ್ ನೀರು. ತಳಕ್ಕೆ 3–4 ಮಿ.ಮೀ. ಹರಳು, ಎರಡು ಇಂಚು ದಪ್ಪ. ಎರಡು ಗೋಲ್ಡ್‌ಫಿಶ್ ಇವೆ. ಮೂಲೆಯಲ್ಲಿ ಸ್ಪಂಜ್ ಇರುವ ಒಳಫಿಲ್ಟರ್. ಟ್ಯಾಂಕ್ ಇಟ್ಟ ಮೇಜಿನ ಎತ್ತರ ಎರಡೂವರೆ ಅಡಿ.

ಸೈಫನ್‌ನಲ್ಲಿ (ಎತ್ತರದ ನೀರು ಪೈಪಿನ ಮೂಲಕ ತಾನಾಗಿಯೇ ಕೆಳಗಿಳಿಯುವ ವಿಧಾನ) ಕೊಳೆ ಎಳೆಯಲು 1 ಲೀಟರಿನ ಕುಡಿಯುವ ನೀರಿನ ಬಾಟಲಿಯ ತಳ ಕತ್ತರಿಸಿ, ಮುಚ್ಚಳಕ್ಕೆ ತೂತು ಹಾಕಿ, ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪ್ ಸಿಕ್ಕಿಸಿದ್ದೇನೆ. ಪೈಪಿನ ಒಳವ್ಯಾಸ 8 ಮಿ.ಮೀ., ಉದ್ದ 2 ಮೀಟರ್. ಸಂದಿಗೆ ಸಿಲಿಕಾನ್ ಹಚ್ಚಿದ್ದೇನೆ.

ನೀರು ಚೆನ್ನಾಗಿಯೇ ಇಳಿಯುತ್ತದೆ, ಆದರೆ ಹರಳು ಅಲ್ಲಾಡುವುದೇ ಇಲ್ಲ. ಬಕೆಟ್ ತುಂಬುತ್ತದೆ, ಕೊಳೆ ಇದ್ದಲ್ಲೇ ಇರುತ್ತದೆ. ಬಾಟಲಿಯನ್ನು ಹರಳಿಗೆ ಒತ್ತಿದರೆ ಸೊಟ್ಟಗಾಗುತ್ತದೆ. ಸಿಲಿಕಾನ್ ಎರಡನೇ ಸಲಕ್ಕೇ ಸಿಪ್ಪೆಯಂತೆ ಎದ್ದು ಬಂತು. ಸೈಫನ್ ಶುರು ಮಾಡಲು ಬಾಯಿಂದ ಎಳೆಯುವುದೂ ಬೇಡವೆನಿಸುತ್ತದೆ.

ಇನ್ನೊಂದು ಸಮಸ್ಯೆ ನೀರಿನದು. ಏಪ್ರಿಲ್–ಮೇನಲ್ಲಿ ಬಾವಿ ತಳ ಕಾಣುತ್ತದೆ. ಒಂದು ಸಲಕ್ಕೆ 15 ಲೀಟರಿನ ಒಂದು ಬಕೆಟ್ ಮಾತ್ರ ಮೀಸಲಿಡಬಹುದು. ಹೊರತೆಗೆದ ನೀರನ್ನು ಸೋಸಿ ಮತ್ತೆ ಟ್ಯಾಂಕಿಗೆ ಹಾಕಿದರೆ ನಡೆಯುತ್ತದೆಯೇ?

ಅಂಕೋಲೆ ಪೈಪ್‌ಲೈನ್

ಮೊದಲು ಹರಳು ಅಲ್ಲಾಡದ ಲೆಕ್ಕ ನೋಡೋಣ, ಉಳಿದದ್ದು ಆಮೇಲೆ.

ಸೈಫನ್ ಎಷ್ಟು ಜೋರಾಗಿ ಎಳೆಯುತ್ತದೆ ಎಂದು ನೋಡಿ ಪ್ರಯೋಜನವಿಲ್ಲ. ಬಾಟಲಿಯ ಒಳಗೆ ನೀರು ಯಾವ ವೇಗದಲ್ಲಿ ಮೇಲೇರುತ್ತದೆ ಎನ್ನುವುದೇ ಮುಖ್ಯ. ಭತ್ತ ತೂರುವ ಹಾಗೆ ಎಂದುಕೊಳ್ಳಿ. ಗಾಳಿ ಕಮ್ಮಿಯಾದರೆ ಜೊಳ್ಳೂ ಹಾರುವುದಿಲ್ಲ, ಹೆಚ್ಚಾದರೆ ಕಾಳೂ ಹೋಗುತ್ತದೆ. 3 ಮಿ.ಮೀ. ಹರಳಿನ ರಾಶಿ ಸಡಿಲಗೊಂಡು ಕುದಿಯುವಂತೆ ಆಡಲು ನೀರು ಸೆಕೆಂಡಿಗೆ ಮೂರೂವರೆ ಸೆಂ.ಮೀ. ಆಸುಪಾಸಿನ ವೇಗದಲ್ಲಿ ಏರಬೇಕು. 5 ಮಿ.ಮೀ. ಹರಳಿಗೆ ಸುಮಾರು 5 ಸೆಂ.ಮೀ. ಬೇಕು. ಅದೇ ಹರಳು ಪೂರ್ತಿ ಎದ್ದು ಪೈಪಿನೊಳಗೆ ಹೋಗಬೇಕಾದರೆ 20 ದಾಟಬೇಕು. ಮೀನಿನ ಹೊಲಸು, ತಿನ್ನದೆ ಉಳಿದ ಆಹಾರದ ಪುಡಿ ಇವಕ್ಕೆ 1 ಸೆಂ.ಮೀ. ಸಾಕು, ಆದರೆ ಅವು ಹರಳಿನ ಸಂದಿಯಿಂದ ಬಿಡುಗಡೆಯಾಗಬೇಕಲ್ಲ. ಹಾಗಾಗಿ 3–4 ಮಿ.ಮೀ. ಹರಳಿಗೆ 4ರಿಂದ 8 ಸೆಂ.ಮೀ. ಇಟ್ಟುಕೊಂಡರೆ ಹದ.

ನಿಮ್ಮ ಮೇಜಿನ ಎತ್ತರಕ್ಕೆ, ಟ್ಯಾಂಕಿನ ನೀರಿನ ಮಟ್ಟದಿಂದ ಬಕೆಟಿನ ನೀರಿನ ಮಟ್ಟಕ್ಕೆ ಸುಮಾರು 80 ಸೆಂ.ಮೀ. ಇಳಿಜಾರು ಸಿಗುತ್ತದೆ. 2 ಮೀಟರ್ ಪೈಪಿನಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ ಇಷ್ಟು ಬರುತ್ತದೆ: 8 ಮಿ.ಮೀ. ಪೈಪಾದರೆ 4 ಲೀಟರ್, 10 ಮಿ.ಮೀ.ಗೆ ಆರೂವರೆಯಿಂದ 7, 12 ಮಿ.ಮೀ.ಗೆ 10. ಗಡಿಯಾರ ಹಿಡಿದು ಬಕೆಟ್ ತುಂಬಿಸಿದರೆ ನಿಮ್ಮದೇ ಅಂಕಿ ಸಿಗುತ್ತದೆ. ಆ ಲೀಟರನ್ನು 21ರಿಂದ ಗುಣಿಸಿ, ಬಾಟಲಿಯ ವ್ಯಾಸದ (ಸೆಂ.ಮೀ.) ವರ್ಗದಿಂದ ಭಾಗಿಸಿ. ಸೆಕೆಂಡಿಗೆ ಎಷ್ಟು ಸೆಂ.ಮೀ. ಎಂಬುದು ಬರುತ್ತದೆ.

1 ಲೀಟರ್ ಬಾಟಲಿ ಸುಮಾರು 8 ಸೆಂ.ಮೀ. ಅಗಲ. 4×21÷64 ಎಂದರೆ 1.3. ನಿಮ್ಮ ಹರಳು ಏಳುವುದು ಎಲ್ಲಿಂದ ಬಂತು ಮಾರಾಯ್ರೆ! 500 ಮಿ.ಲೀ. ಬಾಟಲಿ (ಆರೂವರೆ ಸೆಂ.ಮೀ.) ಜೊತೆ 12 ಮಿ.ಮೀ. ಪೈಪ್ ಹಾಕಿದರೆ 5 ಬರುತ್ತದೆ. 250 ಮಿ.ಲೀ.ನ ತಂಪುಪಾನೀಯದ ಬಾಟಲಿ (ಐದೂವರೆ ಸೆಂ.ಮೀ.) ಜೊತೆ 10 ಮಿ.ಮೀ. ಪೈಪ್ ಹಾಕಿದರೂ ನಾಲ್ಕೂವರೆ ಮೇಲೆ ಬರುತ್ತದೆ. ನಿಮಗೆ ನೀರಿನ ಬರ ಇರುವುದರಿಂದ ಎರಡನೆಯದನ್ನೇ ಮಾಡಿ. ದಪ್ಪ ಪೈಪಿನಲ್ಲಿ 15 ಲೀಟರ್ ಒಂದೂವರೆ ನಿಮಿಷಕ್ಕೆ ಮುಗಿದುಹೋಗುತ್ತದೆ, 10 ಮಿ.ಮೀ.ಯಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಸಿಗುತ್ತದೆ.

ಪೈಪ್ ಉದ್ದ ಮಾಡಿ ನೇರ ತೋಟಕ್ಕೆ ಬಿಡುವ ಆಸೆ ಎಲ್ಲರಿಗೂ ಇರುತ್ತದೆ. ಉದ್ದ ಹೆಚ್ಚಿದಷ್ಟೂ ಪೈಪಿನ ಗೋಡೆಯ ಉಜ್ಜಾಟಕ್ಕೆ ಹರಿವು ಕುಗ್ಗುತ್ತದೆ. 10 ಮೀಟರ್ ಎಳೆದರೆ ಮೇಲಿನ ಲೆಕ್ಕ ಯಾವುದೂ ನಿಲ್ಲುವುದಿಲ್ಲ.

ಈಗ ಕಟ್ಟುವ ವಿಷಯ. ನೀರಿನ ಬಾಟಲಿ ತೆಳು, ಅದಕ್ಕೇ ಸೊಟ್ಟಗಾಗುವುದು. ಗ್ಯಾಸ್ ತುಂಬಿದ ತಂಪುಪಾನೀಯದ ಬಾಟಲಿ ಗಟ್ಟಿ. ಅದರ ತಳವನ್ನು ಸಮನಾಗಿ ಕತ್ತರಿಸಿ, ಅಂಚನ್ನು ಹದ ಬಿಸಿ ಇರುವ ಇಸ್ತ್ರಿ ಪೆಟ್ಟಿಗೆಗೆ ನಾಲ್ಕೈದು ಸೆಕೆಂಡ್ ತಾಗಿಸಿ. ಅಂಚು ಒಳಕ್ಕೆ ಮಡಚಿಕೊಂಡು ಬಳೆಯ ಹಾಗೆ ಗಟ್ಟಿಯಾಗುತ್ತದೆ, ಮೀನಿಗೂ ಕೈಗೂ ಗೀರುವುದಿಲ್ಲ. ಪೆಟ್ಟಿಗೆಯ ಮೇಲೊಂದು ಹಳೆ ಬಟ್ಟೆ ಹಾಸಿಕೊಳ್ಳಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಅಂಟಿ ಮನೆಯಲ್ಲಿ ಬೇರೆಯದೇ ಜಗಳ. ಬಾಟಲಿಯನ್ನು ಕುದಿನೀರಲ್ಲಿ ತೊಳೆಯಬೇಡಿ, ಮುದುಡಿಹೋಗುತ್ತದೆ.

ಸಿಲಿಕಾನ್ ಎದ್ದು ಬಂದದ್ದು ನಿಮ್ಮ ಕೈಗುಣ ಅಲ್ಲ. ಮುಚ್ಚಳದ ಪ್ಲಾಸ್ಟಿಕ್ ಮೇಣದ ಜಾತಿಯದು, ಅದಕ್ಕೆ ಸಿಲಿಕಾನ್ ಆಗಲಿ ಎಂ-ಸೀಲ್ ಆಗಲಿ ಹಿಡಿಯುವುದಿಲ್ಲ. ಬಿಗಿತವೊಂದೇ ದಾರಿ. ಪೈಪಿನ ಹೊರವ್ಯಾಸಕ್ಕಿಂತ 1 ಮಿ.ಮೀ. ಕಿರಿದಾಗಿ ತೂತು ಮಾಡಿ. ಕಾಯಿಸಿದ ಮೊಳೆಯಿಂದ ಶುರು ಮಾಡಿ ಚಾಕುವಿನ ತುದಿಯಿಂದ ಹೆರೆದು ದೊಡ್ಡದು ಮಾಡಿ, ನಡುನಡುವೆ ಪೈಪ್ ಹಿಡಿದು ನೋಡುತ್ತಿರಿ. ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿ ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ, ಹೊರಗಿನಿಂದ ತೂರಿಸಿ ಒಳಗಿನಿಂದ ಇಕ್ಕುಳದಲ್ಲಿ ಎಳೆಯಿರಿ. ಮೂರು ಸೆಂ.ಮೀ. ಒಳಗೆ ಬಂದ ಮೇಲೆ ಓರೆ ತುದಿಯನ್ನು ನೇರ ಮಾಡಿ, ಒಂದು ಸೆಂ.ಮೀ. ಉಳಿಯುವಷ್ಟು ಹಿಂದಕ್ಕೆ ಎಳೆದುಕೊಳ್ಳಿ. ಹೊರಗಿನಿಂದ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎರಡು ಸುತ್ತು ಬಿಗಿದರೆ ಮುಗಿಯಿತು.

ಸ್ವಲ್ಪ ಸೋರಿದರೂ ತಲೆಬಿಸಿ ಬೇಡ. ಮುಚ್ಚಳ ನೀರಿನೊಳಗೇ ಇರುವಷ್ಟು ಹೊತ್ತು ಸಂದಿಯಿಂದ ಒಳಗೆ ಬರುವುದು ನೀರು, ಗಾಳಿಯಲ್ಲ. ಎಳೆತ ಚೂರು ಕಮ್ಮಿಯಾಗುತ್ತದೆ ಅಷ್ಟೆ. ಮುಚ್ಚಳ ನೀರಿನ ಮೇಲೆ ಬಂದರೆ ಮಾತ್ರ ಗಾಳಿ ಹೊಕ್ಕು ಸೈಫನ್ ಕಡಿಯುತ್ತದೆ.

ಕಪ್ಪೆಚಿಪ್ಪು (ಕುಮಟಾ)

ಬಾಯಿಂದ ಎಳೆಯುವುದು ಬೇಡವೇ ಬೇಡ. ಟ್ಯಾಂಕಿನ ನೀರಿನಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಇರಬಹುದು. ಕೈಯಲ್ಲಿ ಹಸಿ ಗಾಯ ಇದ್ದರೂ ಕೈಗವಸು ಹಾಕಿಕೊಳ್ಳಿ. ಮೀನಿನ ತೊಟ್ಟಿಯ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಸೂಕ್ಷ್ಮಾಣು ಗಾಯದ ಮೂಲಕ ಚರ್ಮಕ್ಕೆ ಇಳಿದರೆ ವಾಸಿಯಾಗಲು ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು.

ಬಾಟಲಿಯನ್ನೇ ಲೋಟದ ಹಾಗೆ ಬಳಸಿ ಸೈಫನ್ ಶುರು ಮಾಡಬಹುದು. ಪೈಪಿನ ತುದಿ ಕೆಳಗೆ ಬಕೆಟಿನಲ್ಲಿರಲಿ. ಬಾಟಲಿಯನ್ನು ನೀರಲ್ಲಿ ಮುಳುಗಿಸಿ, ಕತ್ತರಿಸಿದ ಬಾಯಿ ಮೇಲೆ ಮಾಡಿ ತುಂಬಿಕೊಂಡು ನೀರಿನಿಂದ ಮೇಲೆತ್ತಿ. ಬಾಟಲಿಯ ನೀರು ಪೈಪಿಗೆ ಇಳಿಯತೊಡಗುತ್ತದೆ. ಅರ್ಧ ಖಾಲಿಯಾಗುವುದರೊಳಗೆ ಬಾಯಿ ಮೇಲಿರುವಂತೆಯೇ ಮತ್ತೆ ಮುಳುಗಿಸಿ ತುಂಬಿಸಿ, ನೀರಿನೊಳಗೇ ಮಗುಚಿ. ನೀರಿನ ಹೊರಗೆ ಮಗುಚಿದರೆ ಗಾಳಿ ಸಿಕ್ಕಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. 250 ಮಿ.ಲೀ. ಬಾಟಲಿಯಲ್ಲಿ ನೀರು ಕಡಿಮೆ, ಪೈಪ್ ತುಂಬಲು ಎರಡು ಸಲ ಬೇಕಾದೀತು. ಆಗದಿದ್ದರೆ ಇಡೀ ಪೈಪನ್ನು ಸುರುಳಿ ಮಾಡಿ ಟ್ಯಾಂಕಿನಲ್ಲೇ ಮುಳುಗಿಸಿ, ಗುಳ್ಳೆ ಬರುವುದು ನಿಂತ ಮೇಲೆ ತುದಿಗೆ ಹೆಬ್ಬೆರಳು ಒತ್ತಿ ಹೊರತನ್ನಿ.

ದೋಣಿಯ ಔಟ್‌ಬೋರ್ಡ್ ಎಂಜಿನ್ನಿಗೆ ಎಣ್ಣೆ ಎಳೆಯುವ ರಬ್ಬರ್ ಉಂಡೆಯನ್ನೂ ಕೆಲವರು ನಡುವೆ ಸೇರಿಸುತ್ತಾರೆ. ಒತ್ತಿದರೆ ನೀರು ಬರುತ್ತದೆ ನಿಜ. ಆದರೆ ಒಳಗಿನ ಕವಾಟದಲ್ಲಿ ಕೊಳೆ ಸಿಕ್ಕಿ ಹರಿವು ಅರ್ಧಕ್ಕಿಳಿಯುತ್ತದೆ. ಹಾಕಲೇಬೇಕೆಂದರೆ ಹೊಸದನ್ನು ಹಾಕಿ. ಒಮ್ಮೆ ಸೀಮೆಎಣ್ಣೆ ಕಂಡ ಉಂಡೆಯನ್ನು ಎಷ್ಟು ತೊಳೆದರೂ ಟ್ಯಾಂಕಿನ ಹತ್ತಿರ ತರಬಾರದು.

ಎಳೆಯುವ ಕ್ರಮ: ಫಿಲ್ಟರ್ ಪ್ಲಗ್ ಮೊದಲು ತೆಗೆಯಿರಿ. ಬಾಟಲಿಯನ್ನು ನೆಟ್ಟಗೆ ಹರಳಿಗೆ ತಳ ಮುಟ್ಟುವವರೆಗೆ ಇಳಿಸಿ. ಹರಳು ಕುದಿಯುತ್ತದೆ, ಮೇಲೆ ಕಂದು ಮೋಡ ಏಳುತ್ತದೆ. ಮೋಡ ತಿಳಿಯಾಗುವವರೆಗೆ, ಅಂದರೆ ಐದಾರು ಸೆಕೆಂಡ್, ಅಲ್ಲೇ ಹಿಡಿದು ಪೈಪ್ ಚಿವುಟಿ. ಹರಳು ಕೆಳಗೆ ಬೀಳುತ್ತದೆ. ಬಾಟಲಿ ಎತ್ತಿ ಪಕ್ಕದಲ್ಲಿ ಊರಿ, ಚಿವುಟಿದ್ದನ್ನು ಬಿಡಿ. ಗುಡಿಸಿದಂತೆ ಎಳೆದಾಡಬಾರದು. ಎಳೆದಾಡಿದರೆ ಕೊಳೆಯೆಲ್ಲ ಟ್ಯಾಂಕಿಗೆ ಹರಡಿ, ಅರ್ಧ ಗಂಟೆಯ ನಂತರ ಅಲ್ಲೇ ಕೂರುತ್ತದೆ.

ಎರಡು ನಿಮಿಷದಲ್ಲಿ ಇಡೀ ತಳ ಮುಗಿಯುವುದಿಲ್ಲ, ಮುಗಿಸಲೂಬಾರದು. ಹೊಲಸಿನಿಂದ ಬರುವ ವಿಷದ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಹರಳಿನ ಮೇಲೂ ಫಿಲ್ಟರಿನ ಸ್ಪಂಜಿನಲ್ಲೂ ಮನೆ ಮಾಡಿರುತ್ತವೆ. ಸಲಕ್ಕೆ ಮೂರನೇ ಒಂದು ಭಾಗ ತಳ ಸಾಕು, ಮುಂದಿನ ವಾರ ಪಕ್ಕದ ಭಾಗ. ಸ್ಪಂಜನ್ನು ಅದೇ ದಿನ ತೊಳೆಯಬೇಡಿ. ತೊಳೆಯುವುದಿದ್ದರೆ ಇನ್ನೊಂದು ವಾರ, ಅದೂ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಫಿಲ್ಟರಿನ ನೀರು ಹೊಮ್ಮುವ ದಿಕ್ಕಿಗೆ ಎದುರಿನ ಮೂಲೆಯಲ್ಲಿ ಕೊಳೆ ಸೇರುತ್ತದೆ. ನೀರು ಕಮ್ಮಿ ಇದ್ದಾಗ ಅಲ್ಲಿಂದಲೇ ಶುರು ಮಾಡಿ.

ಸೋಸಿ ಮರಳಿ ಹಾಕುವ ಬಗ್ಗೆ: ಬಟ್ಟೆ ಹಿಡಿಯುವುದು ಕಣ್ಣಿಗೆ ಕಾಣುವ ಕೊಳೆಯನ್ನು ಮಾತ್ರ. ಕರಗಿದ ನೈಟ್ರೇಟ್ ಅಷ್ಟೂ ವಾಪಸು ಟ್ಯಾಂಕಿಗೇ ಹೋಗುತ್ತದೆ. ಎರಡು ಗೋಲ್ಡ್‌ಫಿಶ್‌ಗೆ 55 ಲೀಟರ್ ಎನ್ನುವುದೇ ಇಕ್ಕಟ್ಟು. ವಾರಕ್ಕೆ ಎರಡು ಸಲ 15 ಲೀಟರ್ ಹೊಸ ನೀರು ಹಾಕುತ್ತಿದ್ದರೆ ಸೋಸುವ ಗೋಜೇ ಬೇಡ. ಅದೂ ಸಿಗದ ವಾರ ಆಹಾರ ಅರ್ಧ ಮಾಡಿ. ಮೀನು ಸಾಯುವುದಿಲ್ಲ.

ಶಾಲ್ಮಲಾ ದಂಡೆ (ಶಿರಸಿ)

ಸೋಸಿ ಹಾಕಲೇಬಾರದು ಎಂಬುದನ್ನು ಪೂರ್ತಿ ಒಪ್ಪುವುದಿಲ್ಲ. ಕೊಳೆ ಕೊಳೆತು ನೈಟ್ರೇಟ್ ಆಗುವ ಮೊದಲೇ ಹೊರತೆಗೆದರೆ ಅಷ್ಟು ಹೊರೆ ಕಮ್ಮಿಯಾಯಿತು. ನೀರು ಬದಲಿಸುವುದಕ್ಕೆ ಇದು ಬದಲಿಯಲ್ಲ, ಎರಡು ಬದಲಾವಣೆಗಳ ನಡುವಿನ ಕೆಲಸ. ಅದಕ್ಕೆ ಸೈಫನ್ ಬೇಕಾಗಿಯೂ ಇಲ್ಲ. ಗಾಳಿ ಪಂಪಿನಿಂದ ನಡೆಯುವ ಎತ್ತುಪೈಪು ಸಾಕು, ಒಂದು ಹನಿ ನೀರೂ ಹೊರಹೋಗುವುದಿಲ್ಲ.

20 ಮಿ.ಮೀ. ಪಿವಿಸಿ ಪೈಪಿನ ತುಂಡು ತೆಗೆದುಕೊಳ್ಳಿ. ಉದ್ದ ಟ್ಯಾಂಕಿನ ನೀರಿನ ಆಳದಷ್ಟೇ ಇರಲಿ. ತಳದಿಂದ 3 ಸೆಂ.ಮೀ. ಮೇಲೆ, ಮೇಲ್ಮುಖವಾಗಿ ಓರೆಯಾಗಿ 5 ಮಿ.ಮೀ. ತೂತು ಕೊರೆದು, ಅದರಲ್ಲಿ ಗಾಳಿ ಪಂಪಿನ ಸಣ್ಣ ಪೈಪ್ ಬಿಗಿಯಾಗಿ ತೂರಿಸಿ. ಮೇಲ್ತುದಿಗೆ ಎಲ್ಬೋ ಹಾಕಿ, ಅದರ ಬಾಯಿಗೆ ನೈಲಾನ್ ಕಾಲುಚೀಲವನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಗುಳ್ಳೆ ಏರುವಾಗ ನೀರನ್ನೂ ಕೊಳೆಯನ್ನೂ ಎಳೆದುಕೊಂಡು ಹೋಗಿ ಚೀಲಕ್ಕೆ ಬಿಡುತ್ತದೆ, ನೀರು ಸೋಸಿ ಟ್ಯಾಂಕಿಗೇ ಬೀಳುತ್ತದೆ.

ಇದರಲ್ಲಿ ಹೆಚ್ಚಿನವರು ತಪ್ಪುವುದು ಎಲ್ಬೋ ಎತ್ತರದಲ್ಲಿ. ಅದು ನೀರಿನ ಮಟ್ಟಕ್ಕೆ ಸರಿಯಾಗಿರಬೇಕು. ಐದು ಸೆಂ.ಮೀ. ಮೇಲಿಟ್ಟರೂ ಹರಿವು ನೂಲಿನಂತಾಗುತ್ತದೆ. ಎತ್ತುವ ಶಕ್ತಿ ಬರುವುದು ಮುಳುಗಿದ ಪೈಪಿನ ಉದ್ದದಿಂದ, ಪಂಪಿನ ಸದ್ದಿನಿಂದಲ್ಲ. ಅದಕ್ಕೇ ಒಂದಡಿಗಿಂತ ತಗ್ಗಾದ ಟ್ಯಾಂಕಿನಲ್ಲಿ ಇದು ಬರೀ ಆಟಿಕೆ. ನಿಮ್ಮ 15 ಇಂಚಿನ ಟ್ಯಾಂಕಿಗೆ ಪರವಾಗಿಲ್ಲ. ಗಾಳಿ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಹಿಮ್ಮುಖ ತಡೆಯುವ ವಾಲ್ವ್ ಹಾಕಿ. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡಲೇ ಟ್ಯಾಂಕಿನ ನೀರು ಪಂಪಿನೊಳಗೆ ಇಳಿಯುತ್ತದೆ.

ಹರಳನ್ನು ಇದು ಕಲಕುವುದಿಲ್ಲ. ಮೇಲೆ ಬಿದ್ದಿದ್ದನ್ನು ಎತ್ತುತ್ತದೆ ಅಷ್ಟೆ.

ಅಂದಹಾಗೆ, ನನ್ನದೂ ಒಂದು ಪ್ರಶ್ನೆ. ಅರ್ಧ ಮಿ.ಮೀ. ನುಣ್ಣನೆ ಮರಳು, ಗಿಡ ನೆಟ್ಟ ಟ್ಯಾಂಕಿಗೆ ಬಾಟಲಿ ಸೈಫನ್ ಇಟ್ಟರೆ ಮರಳೇ ಬಕೆಟಿಗೆ ಬರುತ್ತದೆ. ಬೇರೆ ಅಳತೆ ಏನಾದರೂ ಇದೆಯೇ?

ಅಂಕೋಲೆ ಪೈಪ್‌ಲೈನ್

ಅರ್ಧ ಮಿ.ಮೀ. ಮರಳಿನ ಕಣವನ್ನು ಪೂರ್ತಿ ಹೊತ್ತೊಯ್ಯಲು ಸೆಕೆಂಡಿಗೆ 7 ಸೆಂ.ಮೀ. ಸಾಕು, ಪದರ ಸಡಿಲಾಗಲು ಕಾಲು ಸೆಂ.ಮೀ. ಸಾಕು. ಅಂದರೆ ಹರಳಿನವರು ಬೇಡವೆಂದು ಎಸೆದ 1 ಲೀಟರ್ ಬಾಟಲಿಯೇ ನಿಮಗೆ ಸರಿ. 10 ಮಿ.ಮೀ. ಪೈಪಿನಲ್ಲಿ ಎರಡು ಸೆಂ.ಮೀ. ಚಿಲ್ಲರೆ ವೇಗ ಬರುತ್ತದೆ. ಅದನ್ನು ಮರಳಿಗೆ ಊರಬೇಡಿ. ಒಂದೆರಡು ಸೆಂ.ಮೀ. ಮೇಲೆ ಹಿಡಿದು ವೃತ್ತಾಕಾರವಾಗಿ ನಿಧಾನ ತಿರುಗಿಸಿ, ಕೊಳೆ ಎದ್ದು ಬರುತ್ತದೆ. ಎಳೆತ ಹೆಚ್ಚಾಯಿತೆಂದರೆ ಬಕೆಟಿನ ಕಡೆಯ ತುದಿಯನ್ನು ಮೇಲೆತ್ತಿ. ಇಳಿಜಾರು ಕಮ್ಮಿಯಾದಂತೆ ಹರಿವು ತಗ್ಗುತ್ತದೆ. ಚಿವುಟುವುದಕ್ಕಿಂತ ಇದು ನಯ.

ಬಕೆಟಿಗೆ ಬಂದ ಮರಳು ಕಳೆದುಹೋಗಿಲ್ಲ. ಕೈಯಾಡಿಸಿ, ಹತ್ತು ಸೆಕೆಂಡ್ ಬಿಟ್ಟು ಮೇಲಿನ ರಾಡಿ ಚೆಲ್ಲಿ. ಅಕ್ಕಿ ತೊಳೆದ ಹಾಗೆ ಮೂರು ಸಲ ಮಾಡಿ ವಾಪಸು ಹಾಕಿ.

ಕಪ್ಪೆಚಿಪ್ಪು (ಕುಮಟಾ)

ಗಿಡದ ಬುಡಕ್ಕೆ ಹೋಗಬೇಡಿ, ಅಲ್ಲಿನ ಕೊಳೆ ಅದರ ಗೊಬ್ಬರ. ಬಹುಕಾಲ ಮುಟ್ಟದ ದಪ್ಪ ಮರಳಿನಲ್ಲಿ ಕಪ್ಪು ಕಲೆ, ಒತ್ತಿದರೆ ಕೊಳೆತ ಮೊಟ್ಟೆಯ ವಾಸನೆಯ ಗುಳ್ಳೆ ಕಂಡರೆ ಒಂದೇ ದಿನ ಅಷ್ಟೂ ಕೆದಕಬಾರದು. ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ಅಂಗೈಯಗಲ ಜಾಗ, ವಾರಕ್ಕೊಂದು ಸಲ, ಜೊತೆಗೆ ಗಾಳಿ ಪಂಪ್ ನಡೆಯುತ್ತಿರಲಿ.

ಶಿರಸಿ ಕಡೆಯವರಿಗೆ ಇನ್ನೊಂದು ಮಾತು. ಚಳಿಗಾಲದಲ್ಲಿ ಹೀಟರ್ ಇಟ್ಟಿದ್ದರೆ, ಸೈಫನ್ ಶುರು ಮಾಡುವ ಹದಿನೈದು ನಿಮಿಷ ಮುಂಚೆ ಪ್ಲಗ್ ತೆಗೆಯಿರಿ. ಬಿಸಿ ಗಾಜು ನೀರಿನಿಂದ ಹೊರಗೆ ಬಂದು, ಮತ್ತೆ ಅದರ ಮೇಲೆ ತಣ್ಣೀರು ಬಿದ್ದರೆ ಒಡೆಯುತ್ತದೆ. ಬಾವಿಯ ನೀರನ್ನು ಕೂಡಲೇ ಹಾಕದೆ ಮನೆಯೊಳಗೆ ಇಟ್ಟು, ಟ್ಯಾಂಕಿನಷ್ಟೇ ಬೆಚ್ಚಗಾದ ಮೇಲೆ ಹಾಕಿ.

ಗಪ್ಪಿಗೂಡು (ಹೊನ್ನಾವರ)

ಮರಿ ಇರುವ ಟ್ಯಾಂಕಿಗೆ ಇವೆಲ್ಲ ದೊಡ್ಡ ಆಯುಧ. ಗಾಳಿ ಪಂಪಿನ 4 ಮಿ.ಮೀ. ಪೈಪನ್ನು ತೆಂಗಿನ ಹಿಡಿಕಡ್ಡಿಗೆ ಎರಡು ಕಡೆ ದಾರದಿಂದ ಕಟ್ಟಿ, ಕಡ್ಡಿ ಪೈಪಿಗಿಂತ ಅರ್ಧ ಸೆಂ.ಮೀ. ಮುಂದೆ ಚಾಚಿರಲಿ. ಕಡ್ಡಿಯಿಂದ ಕೊಳೆ ಕೆದಕುತ್ತ ಎಳೆಯಬಹುದು, ಪೈಪಿನ ಬಾಯಿ ಗಾಜಿಗೆ ಅಂಟಿಕೊಳ್ಳುವುದೂ ಇಲ್ಲ. ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಲೀಟರ್ ಬರುತ್ತದೆ, ಸಾವಕಾಶ ಕೆಲಸ. ನೀರು ಬಿಳಿ ಬಕೆಟಿಗೇ ಬೀಳಲಿ. ಚೆಲ್ಲುವ ಮೊದಲು ಹತ್ತು ನಿಮಿಷ ಬಿಟ್ಟು ನೋಡಿ, ಮೂರು ದಿನದ ಗಪ್ಪಿ ಮರಿ ಇದ್ದರೆ ಅಂಚಿನಲ್ಲಿ ಮೇಲೆ ಬಂದು ನಿಲ್ಲುತ್ತದೆ. ಪೈಪಿನ ಬಾಯಿಗೆ ಸೊಳ್ಳೆಪರದೆ ಕಟ್ಟುವವರಿದ್ದಾರೆ. ಮರಿ ಉಳಿಯುತ್ತದೆ, ಕೊಳೆಯೂ ಟ್ಯಾಂಕಿನಲ್ಲೇ ಉಳಿಯುತ್ತದೆ.

ಕಲ್ಲಿನ ಹಿಂದೆ, ಫಿಲ್ಟರಿನ ಅಡಿಗೆ ಬಾಟಲಿ ಹೋಗದ ಕಡೆ 50 ಮಿ.ಲೀ. ಸಿರಿಂಜಿನಿಂದ ನೀರು ಚಿಮ್ಮಿಸಿ ಕೊಳೆಯನ್ನು ಮುಂದಕ್ಕೆ ತನ್ನಿ, ಐದು ನಿಮಿಷ ಬಿಟ್ಟು ಸೈಫನ್ ಹಿಡಿಯಿರಿ.

ಕೋಡಿಬಾಗದ ತೊಟ್ಟಿ (ಕಾರವಾರ)

250 ಮಿ.ಲೀ. ಬಾಟಲಿ, 10 ಮಿ.ಮೀ. ಪೈಪ್ ಹಾಕಿದ ಮೇಲೆ ಹರಳು ಕುದಿಯುತ್ತಿದೆ, ಬಕೆಟ್ ನೀರು ಚಹಾ ಬಣ್ಣಕ್ಕೆ ಬಂತು. ಇನ್ನೂ ಮೂರು ಅನುಮಾನ. ಆಗಾಗ ಒಂದೊಂದು ಹರಳು ಪೈಪಿನ ಬಾಯಲ್ಲಿ ಸಿಕ್ಕಿ ಹರಿವು ನಿಲ್ಲುತ್ತದೆ. ಕೂಲರಿಗೆ ಹಾಕುವ 18 ವ್ಯಾಟಿನ ಮುಳುಗು ಪಂಪ್ ಒಂದು ಖಾಲಿ ಬಿದ್ದಿದೆ, ಅದನ್ನು ಜೋಡಿಸಿದರೆ ಸುಲಭವೇ? ಮೂರನೆಯದು, ಟ್ಯಾಂಕಿನ ಪಿಎಚ್ (ಆಮ್ಲ–ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಆಮ್ಲ) 6ಕ್ಕೆ ಇಳಿದಿದೆ. ಕೊಳೆ ತೆಗೆದರೆ ಸರಿಯಾಗುತ್ತದೆಯೇ?

ಅಂಕೋಲೆ ಪೈಪ್‌ಲೈನ್

ಸಿಕ್ಕಿಕೊಳ್ಳುವುದು ಬಾಟಲಿಯ ಕತ್ತಿನಲ್ಲಿ. ಅಲ್ಲಿ ಅಗಲ ಎರಡು ಸೆಂ.ಮೀ. ಆಸುಪಾಸು, ವೇಗ ಒಮ್ಮೆಲೇ ಏಳೆಂಟು ಪಟ್ಟು ಏರುತ್ತದೆ. ಹರಳು ಭುಜದವರೆಗೆ ಬಂತೆಂದರೆ ವಾಪಸು ಬೀಳುವುದಿಲ್ಲ. ಹರಳು ಬಾಟಲಿಯ ಅರ್ಧ ದಾಟಿದ ಕೂಡಲೇ ಚಿವುಟಿ. ಕತ್ತಿಗೆ ಜಾಳಿಗೆ ಇಡಬೇಡಿ, ಎರಡು ನಿಮಿಷದಲ್ಲಿ ಎಲೆಚೂರು ಕಟ್ಟಿ ಮುಚ್ಚಿಹೋಗುತ್ತದೆ. ಸಿಕ್ಕಿದ ಹರಳಿಗೆ ಬಕೆಟಿನ ಕಡೆಯಿಂದ ಊದಬೇಡಿ. ಬಾಟಲಿ ನೀರಲ್ಲೇ ಇರಲಿ, ಪೈಪಿನ ತುದಿಗೆ ಹೆಬ್ಬೆರಳು ಒತ್ತಿ ಅದನ್ನು ಟ್ಯಾಂಕಿಗಿಂತ ಮೇಲೆತ್ತಿ ಬೆರಳು ಬಿಡಿ. ಪೈಪಿನ ನೀರು ಹಿಂದಕ್ಕೆ ಓಡಿ ಹರಳನ್ನು ತಳ್ಳುತ್ತದೆ.

ಪಂಪ್ ಬೇಡ. ಕೊಳೆ ರೆಕ್ಕೆಗೆ ಸಿಕ್ಕಿ ಹಿಟ್ಟಾಗುತ್ತದೆ, ಆಮೇಲೆ ಯಾವ ಬಟ್ಟೆಯೂ ಅದನ್ನು ಹಿಡಿಯುವುದಿಲ್ಲ. ಒಂದೇ ಒಂದು ಹರಳಿನ ಚೂರು ಹೊಕ್ಕರೂ ರೋಟರ್ ನಿಂತು ಸುರುಳಿ ಸುಡಬಹುದು. ಹೊಸ ನೀರನ್ನು ಬಕೆಟಿನಿಂದ ಟ್ಯಾಂಕಿಗೆ ಏರಿಸಲು ಅದನ್ನು ಇಟ್ಟುಕೊಳ್ಳಿ. ಆಗಲೂ ವೈರು ಸಾಕೆಟಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಲಿ, ತೊಟ್ಟಿಕ್ಕುವ ನೀರು ಪ್ಲಗ್ಗಿಗೆ ಹರಿಯುವುದಿಲ್ಲ. ಮನೆಯಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿಯುವ ಸ್ವಿಚ್) ಇಲ್ಲದಿದ್ದರೆ, ಪಂಪ್ ನಡೆಯುವಾಗ ನೀರಿಗೆ ಕೈ ಹಾಕಲೇಬಾರದು.

ಕಪ್ಪೆಚಿಪ್ಪು (ಕುಮಟಾ)

ಪಿಎಚ್ ಇಳಿಯಲು ಕೊಳೆಯೂ ಕಾರಣ, ನಮ್ಮ ಕಡೆಯ ನೀರೂ ಕಾರಣ. ಚಿರೆಕಲ್ಲಿನ ನೆಲದ ಬಾವಿಗಳಲ್ಲಿ ನೀರು ಸಾಮಾನ್ಯವಾಗಿ ಮೆದು, ಆಮ್ಲವನ್ನು ತಡೆದುಕೊಳ್ಳುವ ಕಾರ್ಬೊನೇಟ್ ಕಡಿಮೆ. ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಬ್ಯಾಕ್ಟೀರಿಯಾ ಇದ್ದಬದ್ದ ಕಾರ್ಬೊನೇಟನ್ನೂ ತಿಂದು ಮುಗಿಸುತ್ತವೆ. ಪಿಎಚ್ 6ರ ಹತ್ತಿರ ಅವೇ ಸೋಮಾರಿಯಾಗುತ್ತವೆ, ಅಮೋನಿಯಾ ಉಳಿಯುತ್ತದೆ. ಆಮ್ಲದ ನೀರಿನಲ್ಲಿ ಅದು ಅಮೋನಿಯಂ ರೂಪದಲ್ಲಿ ಹೆಚ್ಚು ಕೆಡುಕು ಮಾಡದೆ ಇರುತ್ತದೆ. ಈಗ ಒಂದೇ ದಿನ ಅರ್ಧ ನೀರು ಬದಲಿಸಿ ಪಿಎಚ್ ಏಳೂವರೆಗೆ ಏರಿಸಿದರೆ, ಅದೇ ವಿಷದ ಅಮೋನಿಯಾ ಆಗಿ ಕಿವಿರು ಸುಡುತ್ತದೆ. ‘ನೀರು ಶುದ್ಧ ಮಾಡಿದೆ, ಮರುದಿನ ಮೀನು ಸತ್ತಿತು’ ಎನ್ನುವುದರ ಹಿಂದೆ ಬಹಳ ಸಲ ಇದೇ ಇರುತ್ತದೆ. ನೀವು ಐದೈದು ಲೀಟರಿನಂತೆ ದಿನ ಬಿಟ್ಟು ದಿನ ಬದಲಿಸಿ, ಎರಡು ವಾರ.

ಕಾರ್ಬೊನೇಟಿಗೆ ಅಂಗಡಿಗೆ ಹೋಗಬೇಕಿಲ್ಲ. ಊಟಕ್ಕೆ ತಂದ ಬಳಚಿನ ಚಿಪ್ಪನ್ನು ಮಾಂಸ ಉಳಿಯದಂತೆ ಕೆರೆದು, ಹತ್ತು ನಿಮಿಷ ಕುದಿಸಿ, ಬಿಸಿಲಿಗೆ ಒಣಗಿಸಿ, ಪುಡಿಪುಡಿಯಾಗಿ ಒಡೆದು ಒಂದು ಹಿಡಿಯನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಬೀಳುವಲ್ಲಿ ಇಡಿ. ಆಮ್ಲ ಇದ್ದಷ್ಟೇ ಕರಗುತ್ತದೆ, ಒಮ್ಮೆಲೇ ಏರಿಸುವುದಿಲ್ಲ. ಇದೇ ಕಾರಣಕ್ಕೆ ಕಾರವಾರದ ಬೀಚಿನ ಮರಳನ್ನು ಗಿಡದ ಟ್ಯಾಂಕಿಗೂ ಮೆದುನೀರಿನ ಮೀನಿಗೂ ತರಬೇಡಿ. ಅದರಲ್ಲಿ ಚಿಪ್ಪಿನ ಚೂರು ಎಷ್ಟಿದೆಯೋ ಲೆಕ್ಕವಿಲ್ಲ, ಉಪ್ಪು ಬೇರೆ. ಅನುಮಾನವಿದ್ದರೆ ಚಮಚ ಮರಳಿಗೆ ವಿನೆಗರ್ ಹಾಕಿ. ನೊರೆ ಬಂದರೆ ಸುಣ್ಣ ಇದೆ ಎಂದರ್ಥ.

ಹೊಸ ನೀರು ಹಾಕುವ ಮೊದಲು ಬಾವಿಯ ನೀರನ್ನೂ ಒಮ್ಮೆ ನೋಡಿ. ಮೇ ತಿಂಗಳಲ್ಲಿ ಕಡಲ ಹತ್ತಿರದ ಬಾವಿಗೆ ಉಪ್ಪು ಹತ್ತುವುದುಂಟು, ಟಿಡಿಎಸ್ ಪೆನ್ನು (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ದಿಢೀರನೆ ಮೇಲೆ ತೋರಿಸುತ್ತದೆ. ಮಳೆ ಶುರುವಾದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ವಾಸನೆ ಪೂರ್ತಿ ಹೋಗುವವರೆಗೆ ಆ ನೀರು ಬೇಡ. ನಲ್ಲಿ ನೀರಾದರೆ ಆ್ಯಂಟಿ ಕ್ಲೋರಿನ್ ಹಾಕಿ.

ಕೋಡಿಬಾಗದ ತೊಟ್ಟಿ (ಕಾರವಾರ)

ತೆಗೆದ ನೀರನ್ನು ಹಿತ್ತಿಲ ಬಸಳೆ ಚಪ್ಪರದ ಬುಡಕ್ಕೆ ಹಾಕುತ್ತಿದ್ದೇನೆ. ಮೀನಿಗೆ ಬಿಳಿ ಚುಕ್ಕೆ ರೋಗಕ್ಕೆಂದು ಉಪ್ಪು ಹಾಕಿದ ವಾರವೂ ಹಾಕಬಹುದೇ?

ಗಪ್ಪಿಗೂಡು (ಹೊನ್ನಾವರ)

ಬೇಡ. ಉಪ್ಪು, ಔಷಧಿ ಹಾಕಿದ ನೀರು ಬಚ್ಚಲಿಗೆ. ಉಳಿದ ದಿನ ಬಸಳೆ, ಬಾಳೆ ಯಾವುದಕ್ಕೂ ಸರಿ. ಹಳ್ಳಕ್ಕೋ ಕಾಳಿ ನದಿಗೋ ಮಾತ್ರ ಚೆಲ್ಲಬೇಡಿ. ಬಕೆಟಿನಲ್ಲಿ ಕಣ್ಣಿಗೆ ಬೀಳದ ಎರಡು ಮರಿ ಗಪ್ಪಿ ಸಾಕು, ಅಲ್ಲಿ ಸಂಸಾರ ಹೂಡುತ್ತವೆ.